ನಾಡಿಯೋ, ಉಸಿರೋ: ನಿಧಾನಗೊಂಡ ಹೃದಯದ ಬಗ್ಗೆ ಹೈದರಾಬಾದಿನಲ್ಲಿ ನಡೆದ ವಾದ

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ ಎಂಬುದು ವೈದ್ಯಶಾಸ್ತ್ರ ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ಲೆಕ್ಕವಾಗಿದ್ದು, ಬಡಿತ 60ಕ್ಕಿಂತ ಕೆಳಗಿಳಿದಾಗ ಆ ಸ್ಥಿತಿಯನ್ನು ಬ್ರಾಡಿಕಾರ್ಡಿಯಾ, ಅಂದರೆ ಹೃದಯದ ನಿಧಾನಗತಿ, ಎಂದು ಗುರುತಿಸಲಾಗುತ್ತದೆ. ಆದರೆ ಈ ಗೆರೆ ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ದಿನವೂ ದೂರ ಓಡುವವರಲ್ಲಿ ಮತ್ತು ಗಾಢ ನಿದ್ರೆಯಲ್ಲಿರುವ ಆರೋಗ್ಯವಂತರಲ್ಲಿ ಬಡಿತ 40ರ ಆಸುಪಾಸಿಗೆ ಇಳಿದರೂ ಅದರಿಂದ ಕೇಡಿಲ್ಲ. ಹುಟ್ಟಿದ ಮಗುವಿನ ಹೃದಯ ಮಾತ್ರ 80ಕ್ಕೆ ಇಳಿದರೂ ಅದು ತುರ್ತಿನ ಸಂಗತಿ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರ ಗೆರೆಯನ್ನು 50ಕ್ಕೆ ಇಳಿಸಿದ್ದಕ್ಕೂ ಇದೇ ಕಾರಣ. ಹೀಗಾಗಿ ಬಡಿತದ ಎಣಿಕೆಗಿಂತ ಮುಖ್ಯವಾದ ಪ್ರಶ್ನೆಗಳು ಎರಡು: ಹೃದಯ ಏಕೆ ನಿಧಾನವಾಯಿತು, ಮತ್ತು ನಿಧಾನವಾದ ಮೇಲೂ ಮಿದುಳಿಗೆ ಸಾಕಷ್ಟು ರಕ್ತ ಮುಟ್ಟುತ್ತಿದೆಯೇ. ಈ ಪ್ರಶ್ನೆಗಳ ಮೇಲೆ ವೈದ್ಯಲೋಕದಲ್ಲಿ ನಡೆದ ಅತ್ಯಂತ ಕಾವೇರಿದ ವಾದಗಳಲ್ಲೊಂದು ಲಂಡನ್ನಿನಲ್ಲಾಗಲಿ ಎಡಿನ್‌ಬರೋದಲ್ಲಾಗಲಿ ಅಲ್ಲ, 1888 ಮತ್ತು 1889ರಲ್ಲಿ ನಿಜಾಮರ ಹೈದರಾಬಾದಿನಲ್ಲಿ ಪ್ರಯೋಗದ ಮೇಜಿಗೆ ಬಂದಿತು. ಆ ವಾದದ ಗೆಲುವು ಸೋಲುಗಳೆರಡೂ ಇಂದಿಗೂ ಉಪಯುಕ್ತವಾಗಿವೆ.

ವಾದ ಅರ್ಥವಾಗಬೇಕಾದರೆ ಹೃದಯದ ಲಯವನ್ನು ಯಾವುದು ನಿಶ್ಚಯಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು ತಾನಾಗಿಯೇ ವಿದ್ಯುತ್ ಸಂಕೇತಗಳನ್ನು ಹುಟ್ಟಿಸುತ್ತದೆ; ಆ ಸಂಕೇತ ಮೇಲ್ಕೋಣೆಗಳಲ್ಲಿ ಹರಡಿ, ಮೇಲ್ಕೋಣೆ ಮತ್ತು ಕೆಳಕೋಣೆಗಳ ನಡುವಿನ ಎವಿ ನೋಡ್ ಎಂಬ ಒಂದೇ ದಾರಿಯ ಮೂಲಕ ಕೆಳಗಿಳಿದು, ರಕ್ತವನ್ನು ಹೊರಗೆ ತಳ್ಳುವ ಕೆಳಕೋಣೆಗಳನ್ನು ಕುಗ್ಗಿಸುತ್ತದೆ. ಯಾವ ನರದ ಹತೋಟಿಯೂ ಇಲ್ಲದೆ ಬಿಟ್ಟರೆ ಯುವಕರ ಸೈನಸ್ ನೋಡ್ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ, ಮತ್ತು ನರಗಳ ಸಂಪರ್ಕ ಕಡಿದುಹೋಗಿರುವ ಕಸಿ ಹೃದಯಗಳು ವಿಶ್ರಾಂತಿಯಲ್ಲಿಯೂ 90-100ರ ವೇಗದಲ್ಲಿ ಬಡಿಯುವುದು ಇದಕ್ಕೆ ಸಾಕ್ಷಿ. ಉಳಿದವರಲ್ಲಿ ಅದನ್ನು 70ರ ಸುಮಾರಿಗೆ ಹಿಡಿದಿಡುವುದು ಮಿದುಳಿನ ಬುಡದಿಂದ ಹೊರಟು ಕತ್ತಿನ ಮೂಲಕ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ನರ. ಈ ನರವನ್ನು ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆ, ಪ್ರಚೋದನೆ ಬಲವಾದರೆ ಕ್ಷಣಕಾಲ ನಿಂತೂಬಿಡುತ್ತದೆ ಎಂಬುದನ್ನು ಜರ್ಮನಿಯ ವೇಬರ್ ಸಹೋದರರು 1845ರಲ್ಲಿ ತೋರಿಸಿದರು. ನರವೊಂದು ಅಂಗವನ್ನು ಚುರುಕುಗೊಳಿಸುವ ಬದಲು ತಡೆಯಬಲ್ಲದು ಎಂಬುದು ಆಗಿನ ಶರೀರಶಾಸ್ತ್ರಕ್ಕೆ ಹೊಸ ವಿಚಾರವಾಗಿತ್ತು.

ವೇಬರ್ ಸಹೋದರರ ಶೋಧದ ಎರಡೇ ವರ್ಷದ ಬಳಿಕ, 1847ರ ನವೆಂಬರಿನಲ್ಲಿ, ಎಡಿನ್‌ಬರೋದ ಪ್ರಸೂತಿ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಅರಿವಳಿಕೆಯಾಗಿ ಬಳಕೆಗೆ ತಂದರು. ಬಟ್ಟೆಯ ಮೇಲೆ ಕೆಲವು ಹನಿ ಸುರಿದು ಮೂಗಿನ ಬಳಿ ಹಿಡಿದರೆ ರೋಗಿ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಿದ್ದುದರಿಂದ ಶಸ್ತ್ರಚಿಕಿತ್ಸೆಯ ಯಾತನೆ ತಪ್ಪಿದಂತಾಯಿತು. ಆದರೆ ಆ ನೆಮ್ಮದಿ ಮೂರು ತಿಂಗಳೂ ಉಳಿಯಲಿಲ್ಲ. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಸಮೀಪ, ಕಾಲಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಪಡೆದ ಹದಿನೈದು ವರ್ಷದ ಹುಡುಗಿಯೊಬ್ಬಳು ಕೆಲವೇ ನಿಮಿಷಗಳಲ್ಲಿ ಸತ್ತಳು. ಅಂಥ ಸಾವುಗಳು ವಿರಳವಾಗಿಯಾದರೂ ಬರುತ್ತಲೇ ಇದ್ದವು, ಮತ್ತು ಸತ್ತವರಲ್ಲಿ ಅನೇಕರು ಆರೋಗ್ಯವಂತರಾಗಿದ್ದು ಸಣ್ಣಪುಟ್ಟ ಚಿಕಿತ್ಸೆಗೆ ಬಂದವರೆಂಬುದೇ ವೈದ್ಯರನ್ನು ಹೆಚ್ಚಾಗಿ ಕಂಗೆಡಿಸಿತು.

ಕಾರಣದ ವಿಷಯದಲ್ಲಿ ಬ್ರಿಟನ್ನಿನ ವೈದ್ಯರು ಎರಡು ಪಂಗಡವಾದರು. ಲಂಡನ್ನಿನ ಜಾನ್ ಸ್ನೋ, ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದ ಅದೇ ವೈದ್ಯ, ಗಾಢವಾದ ಕ್ಲೋರೋಫಾರ್ಮ್ ಆವಿ ನೇರವಾಗಿ ಹೃದಯವನ್ನೇ ಕೆಡಿಸುತ್ತದೆ ಎಂದು ವಾದಿಸಿದರು. ಆದ್ದರಿಂದ ಅರಿವಳಿಕೆ ಕೊಡುವವನ ಬೆರಳು ರೋಗಿಯ ನಾಡಿಯ ಮೇಲಿರಬೇಕೆಂಬುದು ಈ ಪಂಗಡದ ನಿಯಮ. ಎಡಿನ್‌ಬರೋದ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಶಿಷ್ಯರಾದರೋ ಮೊದಲು ನಿಲ್ಲುವುದು ಉಸಿರು, ಹೃದಯ ನಿಲ್ಲುವುದು ಅದರ ಪರಿಣಾಮವಾಗಿ, ಹೀಗಾಗಿ ಕಣ್ಣಿಡಬೇಕಾದದ್ದು ಉಸಿರಾಟದ ಮೇಲೆಯೇ ಎಂದರು. ಬ್ರಿಟಿಷ್ ವೈದ್ಯ ಸಂಘಕ್ಕಾಗಿ ಕೆಲಸ ಮಾಡಿದ ಗ್ಲಾಸ್ಗೊ ಸಮಿತಿ 1880ರ ವರದಿಯಲ್ಲಿ, ಕ್ಲೋರೋಫಾರ್ಮ್ ಕೊಟ್ಟ ಪ್ರಾಣಿಗಳ ರಕ್ತದೊತ್ತಡ ಮುನ್ಸೂಚನೆಯಿಲ್ಲದೆ ಕುಸಿಯುವುದನ್ನೂ ಹೃದಯ ತಟ್ಟನೆ ನಿಧಾನವಾಗುವುದನ್ನೂ ಕಂಡದ್ದಾಗಿ ಹೇಳಿದಾಗ ಮೊದಲ ಪಂಗಡದ ಕೈ ಮೇಲಾಯಿತು.

ಸೈಮ್ ಅವರ ಬಳಿ ಕಲಿತ ಎಡ್ವರ್ಡ್ ಲಾರಿ ಆ ದಶಕದಲ್ಲಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿ, 1846ರಷ್ಟು ಹಿಂದೆಯೇ ಆರಂಭವಾಗಿದ್ದ ಹೈದರಾಬಾದ್ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿ, ಮೂಸಿ ನದಿಯ ದಡದ ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಗುರುವಿನ ಪದ್ಧತಿಯನ್ನು ಅವರು ಅಚಲವಾಗಿ ಪಾಲಿಸಿದರು: ಶಂಕುವಿನಾಕಾರದ ತೊಪ್ಪಿಗೆಯಂಥ ಬಟ್ಟೆಯಿಂದ ಆವಿ ಕೊಡುವುದು, ಗಾಳಿ ಧಾರಾಳವಾಗಿ ಒಳಹೋಗುವಂತೆ ನೋಡಿಕೊಳ್ಳುವುದು, ನಾಡಿಯನ್ನು ಮುಟ್ಟದೆ ಉಸಿರನ್ನಷ್ಟೇ ಗಮನಿಸುವುದು. ಸಾವಿರಾರು ಶಸ್ತ್ರಚಿಕಿತ್ಸೆಗಳಲ್ಲಿ ಈ ಕ್ರಮ ನಿರಪಾಯಕರವಾಗಿತ್ತೆಂಬ ನಂಬಿಕೆಯಿಂದ, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರದ ಬೆಂಬಲದೊಡನೆ ಅವರು 1888ರಲ್ಲಿ ಮೊದಲನೆಯ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗವನ್ನು ರಚಿಸಿ, ನಾಯಿಗಳ ಮೇಲೆ ಪ್ರಯೋಗ ನಡೆಸಿ, ಪ್ರತಿಸಲವೂ ಉಸಿರು ಮೊದಲು ನಿಂತು ಹೃದಯ ಆಮೇಲೆ ನಿಂತಿತೆಂದು ಪ್ರಕಟಿಸಿದರು. ಲಂಡನ್ನಿನ ವೈದ್ಯಪತ್ರಿಕೆ ದಿ ಲ್ಯಾನ್ಸೆಟ್ ಇದನ್ನು ಒಪ್ಪಲಿಲ್ಲ. ಆಗ ನಿಜಾಮರು ಒಂದು ಸಾವಿರ ಪೌಂಡ್ ಮುಂದಿಟ್ಟು, ಪತ್ರಿಕೆ ತನಗೆ ನಂಬಿಕೆಯಿರುವ ತಜ್ಞನನ್ನೇ ಹೈದರಾಬಾದಿಗೆ ಕಳುಹಿಸಿ ಪ್ರಯೋಗವನ್ನು ಮತ್ತೆ ಮಾಡಿಸಲಿ ಎಂದರು. ವಿಜ್ಞಾನದ ವಾದವೊಂದನ್ನು ತೀರ್ಮಾನಿಸಲು ದೇಶೀಯ ಸಂಸ್ಥಾನವೊಂದು ಸಾಮ್ರಾಜ್ಯದ ರಾಜಧಾನಿಯನ್ನೇ ಹೀಗೆ ಆಹ್ವಾನಿಸಿದ ಉದಾಹರಣೆ ಆ ಕಾಲದಲ್ಲಿ ಸಿಗುವುದು ಕಷ್ಟ.

ಪತ್ರಿಕೆ ಆರಿಸಿದ್ದು ಔಷಧಶಾಸ್ತ್ರಜ್ಞ ಥಾಮಸ್ ಲಾಡರ್ ಬ್ರಂಟನ್ ಅವರನ್ನು. ಕ್ಲೋರೋಫಾರ್ಮ್ ಹೃದಯವನ್ನೇ ನಿಲ್ಲಿಸಬಲ್ಲದೆಂದು ಅವರು ಅದಕ್ಕೆ ಮೊದಲು ನಂಬಿದ್ದವರು. ಆದ್ದರಿಂದ ಲಾರಿಯವರ ಪಾಲಿಗೆ ಅವರು ಅನುಕೂಲದ ಪರೀಕ್ಷಕರೇನೂ ಆಗಿರಲಿಲ್ಲ. 1889ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಎರಡನೆಯ ಆಯೋಗ ನಾಯಿ, ಕೋತಿ, ಮೇಕೆ, ಬೆಕ್ಕು, ಮೊಲ, ಕುದುರೆಗಳೆಂದು ನೂರಾರು ಪ್ರಾಣಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು, ಹಲವಾರು ಪ್ರಾಣಿಗಳ ರಕ್ತನಾಳಕ್ಕೆ ಒತ್ತಡಮಾಪಕವನ್ನು ಜೋಡಿಸಿ, ರಕ್ತದೊತ್ತಡ ಮತ್ತು ಬಡಿತದ ಏರಿಳಿತಗಳನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಬರೆಯಿಸಿ, ಆ ಗೆರೆಗಳನ್ನು ಛಾಯಾಚಿತ್ರಗಳಾಗಿ ಉಳಿಸಿತು. ಹೈದರಾಬಾದಿನ ಶಾಲೆಯಲ್ಲೇ ಕಲಿತು ಅಲ್ಲಿಯೇ ಅರಿವಳಿಕೆ ಕೊಡುವುದನ್ನು ವೃತ್ತಿಯಾಗಿಸಿಕೊಂಡ ರೂಪಾಬಾಯಿ ಫರ್ದೂನ್‌ಜಿ ಈ ಕಾಲದವರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರನ್ನು ಎಣಿಸಲಾಗುತ್ತದೆ, ಆದರೂ ವಾದದ ಇತಿಹಾಸದಲ್ಲಿ ಲಾರಿ ಮತ್ತು ಬ್ರಂಟನ್ ಅವರಿಗೆ ಸಿಕ್ಕ ಜಾಗದ ಅಲ್ಪಾಂಶವೂ ಅವರಿಗೆ ಸಿಕ್ಕಿಲ್ಲವೆಂಬುದು ವಿಷಾದದ ಸಂಗತಿ.

ಪ್ರಯೋಗಗಳು ಮುಗಿಯುವ ಹೊತ್ತಿಗೆ ಬ್ರಂಟನ್ ಮನಸ್ಸು ಬದಲಾಯಿಸಿ, ಅಪಾಯವಿರುವುದು ಉಸಿರುಕಟ್ಟುವುದರಲ್ಲಿ ಅಥವಾ ಅತಿಯಾದ ಪ್ರಮಾಣದಲ್ಲಿಯೇ ಹೊರತು ಹೃದಯಕ್ಕೆ ನೇರವಾಗಿ ಏನೂ ಆಗುವುದಿಲ್ಲ ಎಂದು ಲಂಡನ್ನಿಗೆ ತಂತಿ ಕಳುಹಿಸಿದರು. 1890ರಲ್ಲಿ ವರದಿ ದಿ ಲ್ಯಾನ್ಸೆಟ್‌ನಲ್ಲಿಯೇ ಅಚ್ಚಾಯಿತು. ನಿಧಾನ ಹೃದಯದ ದೃಷ್ಟಿಯಿಂದ ಆ ವರದಿಯ ಅತಿ ಕುತೂಹಲಕರ ಭಾಗ ವೇಗಸ್ ನರಕ್ಕೆ ಸಂಬಂಧಿಸಿದ್ದು. ಪ್ರಾಣಿ ಉಸಿರು ಬಿಗಿಹಿಡಿದು ಹೊಯ್ದಾಡುವಾಗ ಅಥವಾ ಅದರ ಮೂಗುಬಾಯಿ ಮುಚ್ಚಿದಾಗ ವೇಗಸ್ ನರದ ಮೂಲಕ ಹೃದಯ ತೀರ ನಿಧಾನವಾಗುತ್ತಿತ್ತು, ಒತ್ತಡದ ಗೆರೆ ಕೆಳಗೆ ಬೀಳುತ್ತಿತ್ತು. ಗ್ಲಾಸ್ಗೊ ಸಮಿತಿ ಕಂಡ ಕುಸಿತಗಳೂ ಇಂಥ ಉಸಿರುಕಟ್ಟುವಿಕೆಯಿಂದಲೇ ಆದವೆಂದು ಆಯೋಗ ಅರ್ಥೈಸಿತು. ಅಷ್ಟಕ್ಕೇ ನಿಲ್ಲದೆ, ಹೃದಯ ನಿಧಾನವಾದರೆ ವಿಷ ಶ್ವಾಸಕೋಶದಿಂದ ಮಿದುಳಿಗೆ ಸಾಗುವ ವೇಗವೂ ತಗ್ಗುವುದರಿಂದ ಈ ನಿಧಾನಗತಿ ದೇಹದ ರಕ್ಷಣಾಕ್ರಮವೇ ಆಗಿದೆ ಎಂದೂ ಅದು ಸಾರಿತು.

ಈ ತೀರ್ಮಾನದ ಮೊದಲ ಅರ್ಧ ಇಂದಿಗೂ ಸತ್ಯ. ಉಸಿರಿನ ಕೊರತೆಯೇ ಹೃದಯವನ್ನು ನಿಧಾನಗೊಳಿಸುವುದಕ್ಕೆ ಅತ್ಯುತ್ತಮ ನಿದರ್ಶನ ಹೆರಿಗೆ ಕೋಣೆಯಲ್ಲಿದೆ. ಹುಟ್ಟಿದ ಮಗು ಉಸಿರಾಡದೆ ಅದರ ಬಡಿತ ನಿಮಿಷಕ್ಕೆ 100ಕ್ಕಿಂತ ಕಡಿಮೆಯಿದ್ದರೆ ದಾದಿಯರು ಮೊದಲು ಮಾಡುವುದು ಎದೆ ಒತ್ತುವುದನ್ನಲ್ಲ, ಔಷಧ ಕೊಡುವುದನ್ನೂ ಅಲ್ಲ, ಮುಖಕ್ಕೆ ಮಾಸ್ಕ್ ಹಿಡಿದು ಗಾಳಿಚೀಲ ಒತ್ತಿ ಶ್ವಾಸಕೋಶ ತುಂಬಿಸುವುದನ್ನು. ಸರಿಯಾಗಿ ಗಾಳಿ ಕೊಟ್ಟ ಮೇಲೂ ಬಡಿತ 60ಕ್ಕಿಂತ ಕೆಳಗೇ ಉಳಿದರೆ ಮಾತ್ರ ಎದೆ ಒತ್ತುವ ಹಂತ ಬರುತ್ತದೆ. ಬಹುಪಾಲು ಶಿಶುಗಳಲ್ಲಿ ಗಾಳಿ ಒಳಹೋದ ಕೆಲವೇ ಕ್ಷಣಗಳಲ್ಲಿ ಹೃದಯ ತಾನಾಗಿ ವೇಗ ಪಡೆಯುತ್ತದೆ, ಏಕೆಂದರೆ ಅಲ್ಲಿ ಹೃದಯದಲ್ಲಿ ದೋಷವಿರುವುದಿಲ್ಲ, ಅದಕ್ಕೆ ಆಮ್ಲಜನಕ ಸಿಕ್ಕಿರುವುದಿಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮಗುವಿನ ಬಡಿತ ಇಳಿದರೆ ಅರಿವಳಿಕೆ ತಜ್ಞರು ಮೊದಲು ಶ್ವಾಸನಾಳದ ಕೊಳವೆಯನ್ನೂ ಆಮ್ಲಜನಕವನ್ನೂ ಪರೀಕ್ಷಿಸುವುದು ಕೂಡ ಇದೇ ತಿಳಿವಳಿಕೆಯಿಂದ.

ಆಯೋಗ ಎಡವಿದ್ದು ನಾಡಿಯನ್ನು ಗಮನಿಸುವ ಅಗತ್ಯವೇ ಇಲ್ಲ ಎಂದದ್ದರಲ್ಲಿ. ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ 1893ರಲ್ಲಿ, ಒಂದು ಪ್ರಾಣಿಯ ಮಿದುಳಿಗೆ ಇನ್ನೊಂದು ಪ್ರಾಣಿಯ ರಕ್ತ ಹರಿಯುವಂತೆ ಜೋಡಿಸಿ, ಕ್ಲೋರೋಫಾರ್ಮ್ ಮಿದುಳಿಗೆ ಮಾತ್ರ ಅಥವಾ ಹೃದಯಕ್ಕೆ ಮಾತ್ರ ಮುಟ್ಟುವಂತೆ ಮಾಡಿ, ಅದು ಹೃದಯವನ್ನೂ ನೇರವಾಗಿ ದುರ್ಬಲಗೊಳಿಸುತ್ತದೆ ಎಂದು ತೋರಿಸಿದರು. ಮೆಲ್ಬರ್ನ್‌ನ ಎಂಬ್ಲಿ 1902ರಲ್ಲಿ, ಅರಿವಳಿಕೆಯ ಆರಂಭದ ಹಂತದಲ್ಲಿ ವೇಗಸ್ ನರ ಅತಿಯಾಗಿ ಕೆರಳಿ, ಮೊದಲೇ ದುರ್ಬಲವಾಗಿರುವ ಹೃದಯವನ್ನು ಮತ್ತೆ ಏಳದಂತೆ ನಿಲ್ಲಿಸಬಲ್ಲದೆಂದರು. ಹೈದರಾಬಾದಿನಲ್ಲಿ ರಕ್ಷಣೆ ಎನಿಸಿಕೊಂಡ ಕ್ರಿಯೆಯೇ ಹೀಗೆ ಆರೋಪಿಯ ಸ್ಥಾನಕ್ಕೆ ಬಂತು. ಕೊನೆಗೆ 1911ರಲ್ಲಿ ಲಂಡನ್ನಿನ ಲೀವಿ, ಬೆಕ್ಕುಗಳಿಗೆ ಕ್ಲೋರೋಫಾರ್ಮನ್ನು ಹೆಚ್ಚಾಗಿ ಅಲ್ಲ, ಕಡಿಮೆ ಕೊಟ್ಟಾಗ, ಅದೇ ವೇಳೆ ಅಡ್ರಿನಲಿನ್ ರಕ್ತದಲ್ಲಿ ಸೇರಿದರೆ, ಹೃದಯದ ಕೆಳಕೋಣೆಗಳು ಲಯಬದ್ಧವಾಗಿ ಕುಗ್ಗುವುದನ್ನು ಬಿಟ್ಟು ಬರಿದೇ ನಡುಗತೊಡಗುತ್ತವೆ ಎಂಬುದನ್ನು ಕಂಡುಹಿಡಿದರು. ಇದು ನಿಧಾನಗತಿಯ ಸಾವಲ್ಲ, ಲಯ ಚೂರುಚೂರಾದ ಸಾವು. ಆದರೆ ನಡುಗುವ ಹೃದಯ ರಕ್ತ ತಳ್ಳದಿರುವುದರಿಂದ, ನಾಡಿ ಹಿಡಿದವನಿಗೆ ಹೃದಯ ನಿಂತಂತೆಯೇ ತೋರುತ್ತದೆ.

ಹೈದರಾಬಾದಿನ ಪ್ರಯೋಗಗಳು ಇಷ್ಟು ಶ್ರದ್ಧೆಯಿಂದ ನಡೆದರೂ ಈ ಸತ್ಯ ಕೈತಪ್ಪಿದ್ದಕ್ಕೆ ಕಾರಣ ಅಲಕ್ಷ್ಯವಲ್ಲ, ಪ್ರಶ್ನೆ ಕೇಳಿದ ರೀತಿ. ಆಯೋಗ ಬಹುಮಟ್ಟಿಗೆ ಪ್ರಾಣಿಗಳನ್ನು ಅತಿಪ್ರಮಾಣದಿಂದ ಸಾಯಿಸಿ, ಸಾಯುವಾಗ ಯಾವುದು ಮೊದಲು ನಿಂತಿತೆಂದು ನೋಡಿತು, ಆದರೆ ಆಸ್ಪತ್ರೆಗಳಲ್ಲಿ ಅಕಸ್ಮಾತ್ತಾಗಿ ಸತ್ತವರಲ್ಲಿ ಅನೇಕರು ಅರೆಎಚ್ಚರದಲ್ಲಿದ್ದು, ಕತ್ತಿಯ ಭಯದಿಂದ ದೇಹದ ಅಡ್ರಿನಲಿನ್ ಏರಿದ್ದವರು. ಇದಲ್ಲದೆ ಸಾವಿರಾರು ಜನರಲ್ಲಿ ಒಬ್ಬರಿಗೆ ಒದಗುವ ಅಪಾಯ ಕೆಲವು ನೂರು ಪ್ರಾಣಿಗಳಲ್ಲಿ ಒಮ್ಮೆಯೂ ಕಾಣಿಸದಿರುವುದು ಸಹಜ, ಮತ್ತು ಕಾಣಿಸದ್ದನ್ನು ಇಲ್ಲವೆಂದು ಸಾರಿದ್ದು ತಪ್ಪು. ಅಷ್ಟೊಂದು ಮೂಕಪ್ರಾಣಿಗಳ ಜೀವ ತೆತ್ತು ಪಡೆದ ತಿಳಿವಳಿಕೆಯಾದ್ದರಿಂದ ಅದರ ಮಿತಿಯನ್ನೂ ಪ್ರಾಮಾಣಿಕವಾಗಿ ಓದಬೇಕಾಗುತ್ತದೆ. ಲಾರಿ ಕೆಲಸ ಮಾಡಿದ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಸೆಪ್ಟೆಂಬರಿನ ಮೂಸಿ ಪ್ರವಾಹದಲ್ಲಿ ನಾಶವಾಯಿತು. ಆಸ್ಪತ್ರೆಯ ಪರಂಪರೆ ಅದೇ ದಡದ ಉಸ್ಮಾನಿಯಾ ಜನರಲ್ ಆಸ್ಪತ್ರೆಯಲ್ಲಿ ಮುಂದುವರಿಯಿತು.

ಕ್ಲೋರೋಫಾರ್ಮ್ ಇಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಲ್ಲ, ಆದರೆ ವೇಗಸ್ ನರ ಎಲ್ಲರ ದೇಹದಲ್ಲಿಯೂ ಇದೆ. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಗುಡ್ಡೆಯ ಸ್ನಾಯುವನ್ನು ಎಳೆದಾಗ, ಲ್ಯಾಪರೋಸ್ಕೋಪಿಗಾಗಿ ಹೊಟ್ಟೆಗೆ ಅನಿಲ ತುಂಬಿದಾಗ, ಬಡಿತ ಹಠಾತ್ತನೆ 40ಕ್ಕೋ 30ಕ್ಕೋ ಇಳಿಯುವುದುಂಟು. ಶಸ್ತ್ರವೈದ್ಯರು ಕೈ ತಡೆದರೆ ಅದು ಸಾಮಾನ್ಯವಾಗಿ ಮೇಲೇರುತ್ತದೆ, ಏರದಿದ್ದರೆ ವೇಗಸ್ ನರದ ಪರಿಣಾಮವನ್ನು ತಡೆಯುವ ಅಟ್ರೋಪಿನ್ ಚುಚ್ಚುಮದ್ದು ಕೊಡಲಾಗುತ್ತದೆ. ರಕ್ತ ಕಂಡು ಅಥವಾ ಬಿಸಿಲಿನಲ್ಲಿ ಬಹಳ ಹೊತ್ತು ನಿಂತು ಕಣ್ಣು ಕತ್ತಲೆ ಬಂದು ಬೀಳುವವರಲ್ಲಿಯೂ ನಡೆಯುವುದು ಇದೇ. ಹೃದಯ ನಿಧಾನವಾಗುವುದರ ಜೊತೆಗೆ ರಕ್ತನಾಳಗಳೂ ಸಡಿಲಗೊಂಡು ಮಿದುಳಿಗೆ ರಕ್ತ ಕಡಿಮೆಯಾಗುತ್ತದೆ. ಇಂಥವರನ್ನು ಎಬ್ಬಿಸಿ ಕೂರಿಸದೆ ಮಲಗಿಸಿಯೇ ಕಾಲು ಎತ್ತಿಹಿಡಿದರೆ ಬೇಗ ಚೇತರಿಸಿಕೊಳ್ಳುತ್ತಾರೆ.

ನಿಜಾಮರ ರಾಜ್ಯಕ್ಕೆ ಸೇರಿದ್ದ ರಾಯಚೂರು, ಕಲಬುರಗಿ ಮತ್ತು ತೆಲಂಗಾಣದ ಹತ್ತಿ ಹೊಲಗಳ ಸೀಮೆಯಲ್ಲಿ ನಿಧಾನ ಹೃದಯಕ್ಕೆ ಮತ್ತೊಂದು ಕಾರಣವನ್ನು ಮರೆಯುವಂತಿಲ್ಲ. ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕಗಳು ದೇಹ ಸೇರಿದರೆ, ವೇಗಸ್ ನರದ ತುದಿಯಲ್ಲಿ ಸ್ರವಿಸುವ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಒಡೆಯದೆ ಸಂಗ್ರಹವಾಗಿ, ಬಾಯಲ್ಲಿ ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಉಸಿರು ಕಟ್ಟುವುದು, ಬಡಿತ ಇಳಿಯುವುದು ಎಲ್ಲವೂ ಒಟ್ಟೊಟ್ಟಿಗೆ ಬರುತ್ತವೆ. ಅಂಥ ರೋಗಿಯ ಜೀವ ಉಳಿಸುವುದು ತಕ್ಷಣ ಶುರುಮಾಡಿದ ಅಟ್ರೋಪಿನ್ ಮತ್ತು ಉಸಿರಾಟದ ಆಸರೆ. ಹಳದಿ ಕಣಗಿಲೆಯ ಬೀಜದಲ್ಲಿರುವ ವಿಷ ಬೇರೆ ಬಗೆಯದು. ಅದು ಎವಿ ನೋಡ್‌ನ ದಾರಿಯನ್ನೇ ಮುಚ್ಚಿಸಬಲ್ಲದಾದ್ದರಿಂದ, ತಿಂದವರು ಆರಾಮವಾಗಿ ಕಂಡರೂ ಆಸ್ಪತ್ರೆಯಲ್ಲಿ ಇಸಿಜಿಯ ಕಣ್ಗಾವಲಿನಲ್ಲಿ ಇರಲೇಬೇಕು.

ವಯಸ್ಸಾದವರಲ್ಲಿ ಕಾರಣಗಳು ಸಾಮಾನ್ಯವಾಗಿ ಇಷ್ಟು ನಾಟಕೀಯವಲ್ಲ. ರಕ್ತದೊತ್ತಡಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು, ಡಿಲ್ಟಿಯಾಜೆಮ್, ಡಿಜಾಕ್ಸಿನ್ ಮೊದಲಾದ ಮಾತ್ರೆಗಳು ಬಡಿತವನ್ನು ತಗ್ಗಿಸುತ್ತವೆ. ಕೆಲವು ಗ್ಲಾಕೋಮಾ ಕಣ್ಣಿನ ಹನಿಗಳೂ ಹಾಗೆ ಮಾಡಬಲ್ಲವೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತದಲ್ಲಿ ಪೊಟ್ಯಾಸಿಯಂ ಏರಿಕೆ, ಹೃದಯದ ಕೆಳಭಾಗಕ್ಕೆ ಆಗುವ ಆಘಾತ ಇವೂ ಕಾರಣಗಳೇ. ಇವೆಲ್ಲವನ್ನೂ ಕಳೆದು ಉಳಿಯುವುದು ವಿದ್ಯುತ್ ದಾರಿಯ ಸವಕಳಿ: ಸೈನಸ್ ನೋಡ್ ದಣಿಯಬಹುದು, ಅಥವಾ ಎವಿ ನೋಡ್‌ನಲ್ಲಿ ಸಂಕೇತ ತಡವಾಗಬಹುದು, ನಡುನಡುವೆ ಬಿಟ್ಟುಹೋಗಬಹುದು, ಪೂರ್ತಿ ನಿಲ್ಲಬಹುದು. ಪೂರ್ತಿ ನಿಂತಾಗ ಕೆಳಕೋಣೆಗಳು ತಮ್ಮದೇ ನಿಧಾನ ಲಯದಲ್ಲಿ, ಅನೇಕ ವೇಳೆ ನಿಮಿಷಕ್ಕೆ 30ರಿಂದ 40ರಂತೆ, ಬಡಿಯುತ್ತವೆ. ಇದನ್ನು ಹಾರ್ಟ್ ಬ್ಲಾಕ್ ಎನ್ನುತ್ತಾರೆ. ಜನರು ಮಾತಿನಲ್ಲಿ ‘ಬ್ಲಾಕ್ ಇದೆ’ ಎನ್ನುವಾಗ ಸೂಚಿಸುವ, ಸ್ಟೆಂಟ್ ಹಾಕಿ ತೆರೆಯುವ ರಕ್ತನಾಳದ ಅಡಚಣೆ ಬೇರೆಯದೇ ರೋಗವಾದ್ದರಿಂದ, ಎರಡನ್ನೂ ಒಂದೇ ಎಂದು ತಿಳಿದು ಪೇಸ್‌ಮೇಕರ್ ಬದಲು ಸ್ಟೆಂಟ್ ಸಾಕಲ್ಲವೇ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ತೀರ ನಿಧಾನ ನಾಡಿಯೊಡನೆ ಪದೇ ಪದೇ ಮೂರ್ಛೆ ಬರುವ ಇಂಥ ರೋಗಿಗಳನ್ನು ಡಬ್ಲಿನ್ನಿನ ರಾಬರ್ಟ್ ಆಡಮ್ಸ್ 1827ರಲ್ಲಿ, ವಿಲಿಯಂ ಸ್ಟೋಕ್ಸ್ 1846ರಲ್ಲಿ ವರ್ಣಿಸಿದ್ದರೂ ಅವರಿಗೆ ಕೊಡಲು ವೈದ್ಯರ ಬಳಿ ಶತಮಾನಕ್ಕೂ ಹೆಚ್ಚು ಕಾಲ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. 1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮ್‌ನ ಶಸ್ತ್ರವೈದ್ಯ ಓಕೆ ಸೆನಿಂಗ್, ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ರೂಪಿಸಿದ ಪೇಸ್‌ಮೇಕರನ್ನು ಮೊದಲ ಸಲ ಮನುಷ್ಯನ ದೇಹದೊಳಗೆ ಇಟ್ಟರು. ಆ ಮೊದಲ ಸಾಧನ ಕೆಲವೇ ಗಂಟೆ ದುಡಿಯಿತು. ಆದರೆ ಅದನ್ನು ಪಡೆದ ರೋಗಿ ಒಂದರ ಬಳಿಕ ಒಂದು ಸಾಧನದ ಆಸರೆಯಿಂದ 2001ರವರೆಗೆ ಬದುಕಿದರು.

ಇಂದಿನ ಪೇಸ್‌ಮೇಕರ್ ಹೃದಯ ತಾನಾಗಿ ಬಡಿಯುವಾಗ ಸುಮ್ಮನಿದ್ದು, ನಿಗದಿಯಾದ ಕಾಲದೊಳಗೆ ಬಡಿತ ಬಾರದಿದ್ದಾಗ ಮಾತ್ರ ಸಂಕೇತ ಕೊಡುತ್ತದೆ. ಅದು ಯಾರಿಗೆ ಬೇಕೆಂಬ ತೀರ್ಮಾನ ಕೈಗಡಿಯಾರದಲ್ಲೋ ಬೆರಳಿನ ಆಕ್ಸಿಮೀಟರಿನಲ್ಲೋ ಕಂಡ 48 ಎಂಬ ಅಂಕಿಯಿಂದ ಆಗುವುದಿಲ್ಲ. ಸೈನಸ್ ನೋಡ್ ದಣಿದವರಲ್ಲಿ ತಲೆಸುತ್ತು, ಮೂರ್ಛೆ, ನಡೆದರೆ ಏದುಸಿರು, ವಿವರಿಸಲಾಗದ ನಿಶ್ಶಕ್ತಿ ಇವು ಬಡಿತ ನಿಧಾನವಾದ ಹೊತ್ತಿಗೇ ಬರುತ್ತಿವೆಯೇ ಎಂಬುದನ್ನು, 24 ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರದಿಂದ ತಾಳೆ ನೋಡಲಾಗುತ್ತದೆ. ತೊಂದರೆಯೇ ಇಲ್ಲದವರಿಗೆ ಸಾಮಾನ್ಯವಾಗಿ ಸಾಧನದ ಅಗತ್ಯವಿಲ್ಲ. ಎವಿ ನೋಡ್‌ನ ದಾರಿ ಪೂರ್ತಿ ಮುಚ್ಚಿದವರಲ್ಲಿ, ಮಾತ್ರೆಯಂಥ ಸರಿಪಡಿಸಬಹುದಾದ ಕಾರಣ ಸಿಗದಿದ್ದರೆ, ಲಕ್ಷಣಗಳಿಗಾಗಿ ಕಾಯುವಂತಿಲ್ಲ, ಏಕೆಂದರೆ ಅಲ್ಲಿ ಮೊದಲ ಲಕ್ಷಣವೇ ಸಾವಾಗಬಹುದು. ವೈದ್ಯರ ಬಳಿ ಹೋಗುವವರು ತಾವು ಸೇವಿಸುವ ಎಲ್ಲ ಮಾತ್ರೆಗಳನ್ನೂ ಕಣ್ಣಿನ ಹನಿಯನ್ನೂ ಒಯ್ಯುವುದು, ಮೂರ್ಛೆಯನ್ನು ಕಣ್ಣಾರೆ ಕಂಡ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು, ಅನೇಕ ವೇಳೆ ಒಂದು ನಿಮಿಷದ ಇಸಿಜಿ ಹೇಳದ ಕಾರಣವನ್ನು ಹೇಳುತ್ತದೆ.